ಹಿಂದಿನ ಚಕ್ರದ ಗಾಳಿ

ಕನ್ನಡಕದಣ್ಣನಿಗೆ ಹೆಂಡತಿಯ ಮೇಲೆ ಅನುಮಾನವಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವನು ಅಂಥವನಲ್ಲ. ಅವನಿಗಿದ್ದದ್ದು ಹೊಟ್ಟೆಕಿಚ್ಚು, ಅದೂ ಮೊದಮೊದಲು ಒಂದು ಸೈಕಲ್ಲಿನ ಮೇಲೆ. ಮನುಷ್ಯನ ಮೇಲೆ ಬಂದದ್ದು ಆಮೇಲೆ. ಆ ಮನುಷ್ಯನ ಬಾಗಿಲಿಗೆ ಹೆಂಡತಿಯನ್ನು ದಿನಾ ಬೆಳಿಗ್ಗೆ ಅಟ್ಟಿದವನೂ ಇವನೇ ಆದ್ದರಿಂದ ಬೇರೆ ಯಾರನ್ನೂ ಬೈಯುವಂತಿಲ್ಲ.

ಪೇಟೆಯ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗ್ಲಾಸುಗಳನ್ನು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಐವತ್ತು ದಾಟಿದೆ, ಕೈ ಇನ್ನೂ ನಡುಗುವುದಿಲ್ಲ. ಅಂಗಿಯ ಜೇಬಿನಲ್ಲಿ ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪನೆಯ ಸ್ಕ್ರೂಡ್ರೈವರ್ ಒಂದು ಯಾವಾಗಲೂ ಇರುತ್ತದೆ. ಯಾವ ಸ್ಕ್ರೂ ಬಿಗಿದರೂ, ಇನ್ನು ಸಾಕು ಅನ್ನಿಸಿದ ಮೇಲೆ ಕೊನೆಯದೊಂದು ಅರ್ಧ ತಿರುವು ಕೊಡುವುದು ಅವನ ಅಭ್ಯಾಸ. ಅವನು ಬಿಗಿದ ಕನ್ನಡಕದ ಕಡ್ಡಿ ಸಡಿಲವಾಯಿತು ಎಂದು ಅಂಗಡಿಗೆ ವಾಪಸ್ ಬಂದವರಿಲ್ಲ. ಮನೆಯಲ್ಲಿ ಉಪ್ಪಿನ ಡಬ್ಬಿ ಮುಚ್ಚಿದರೂ ಅದೇ ಕಥೆ. ಅದನ್ನು ತೆಗೆಯಬೇಕಾದರೆ ಹೆಂಡತಿ ಮುಚ್ಚಳಕ್ಕೆ ಬಟ್ಟೆ ಸುತ್ತಿ, ಹಲ್ಲು ಕಚ್ಚಿ ತಿರುಗಿಸಬೇಕು. "ನಿಮ್ಮ ಕೈಗೆ ಸಿಕ್ಕಿದ್ದು ಯಾವುದೂ ಸುಲಭಕ್ಕೆ ಬಿಡಿಸಿಕೊಂಡು ಬರಲ್ಲ" ಎಂದು ಅವಳು ಗೊಣಗುತ್ತಾಳೆ. ಅವನು ಅದನ್ನು ಹೊಗಳಿಕೆ ಎಂದುಕೊಂಡಿದ್ದ.

ಅವಳು ಆಸ್ಪತ್ರೆಯ ಹೊಲಿಗೆ ಕೋಣೆಯವಳು. ಹರಿದ ಹಾಸುಬಟ್ಟೆಗೆ ತೇಪೆ, ರೋಗಿಗಳ ಅಂಗಿಗೆ ಲಾಡಿ, ಆಪರೇಷನ್ ಕೋಣೆಯ ಹಸಿರು ಬಟ್ಟೆಗಳಿಗೆ ಅಂಚು. ದೊಡ್ಡ ಡಾಕ್ಟರಿಂದ ಹಿಡಿದು ಗೇಟು ಕಾಯುವವನ ತನಕ ಎಲ್ಲರಿಗೂ ಅವಳು ಹೊಲಿಗೆಯಕ್ಕ. ಬೆಳಿಗ್ಗೆ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ ಆಸ್ಪತ್ರೆಯ ಗೇಟಿನಲ್ಲಿ ಇಳಿಸುವುದು, ಆಮೇಲೆ ತಾನು ಅಂಗಡಿಗೆ ಹೋಗುವುದು, ಸಂಜೆ ಹಾಗೆಯೇ ಹತ್ತಿಸಿಕೊಂಡು ಬರುವುದು ಮದುವೆಯಾದ ಹೊಸತರಿಂದ ನಡೆದುಬಂದದ್ದು. ಸ್ಕೂಟರುಗಳು ಬದಲಾದವು. ಹಿಂದಿನ ಸೀಟಿನವಳು ಬದಲಾಗಲಿಲ್ಲ.

ಹೋಗುವ ಬರುವ ಈ ಹೊತ್ತೇ ಅವರ ಸಂಸಾರ ಎಂದರೂ ತಪ್ಪಿಲ್ಲ. ಮನೆಯಲ್ಲಿ ಮಾತಿಗೆ ಪುರುಸೊತ್ತೆಲ್ಲಿ? ಅವಳು ಒಲೆಯ ಮುಂದಿದ್ದರೆ ಅವನು ಪೇಪರಿನ ಹಿಂದೆ. ಸ್ಕೂಟರ್ ಹತ್ತಿ ಅವನ ಭುಜದ ಮೇಲೆ ಕೈಯಿಟ್ಟಳೋ, ಆಗ ಅವಳ ಬಾಯಿ ತೆರೆಯುತ್ತಿತ್ತು. ಹೊಲಿಗೆ ಕೋಣೆಯ ಜಗಳ, ಕಾಣೆಯಾದ ಕತ್ತರಿ, ಗುಂಡಿ ಹಾಕುವವಳ ಅತ್ತೆಯ ದರ್ಬಾರು, ರೋಗಿಯೊಬ್ಬ ಆಸ್ಪತ್ರೆಯ ಅಂಗಿಯಲ್ಲೇ ಮನೆಗೆ ಓಡಿಹೋದದ್ದು, ಎಲ್ಲವೂ ಹೆಲ್ಮೆಟ್ಟಿನ ಸಂದಿಯಿಂದ ಅವನ ಕಿವಿಗೆ ಬೀಳುತ್ತಿತ್ತು. ಅವನು ಮಾತಿನವನಲ್ಲ. ತಲೆಯಾಡಿಸುತ್ತಿದ್ದ, ಅಷ್ಟೆ. ಗೇಟು ಬಂದಾಗ ಕಥೆ ಅರ್ಧಕ್ಕೆ ನಿಂತರೆ ಸಂಜೆ ಅಲ್ಲಿಂದಲೇ ಮುಂದುವರಿಯುತ್ತಿತ್ತು. ಅವನು ದಿನವಿಡೀ ಗ್ಲಾಸು ಉಜ್ಜುತ್ತಾ ಆ ಅರ್ಧ ಕಥೆಯನ್ನೇ ಮೆಲುಕು ಹಾಕುತ್ತಿದ್ದ. ಇದನ್ನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಹೇಳುವುದೇನಿದೆ ಎಂದುಕೊಂಡಿದ್ದ.

ಗ್ರಹಚಾರ ಶುರುವಾದದ್ದು ಹೊಲಿಗೆ ಕೋಣೆಯಲ್ಲಿ. ಕಾಲಲ್ಲಿ ತುಳಿಯುವ ಹಳೆಯ ಮಿಷಿನ್‌ಗಳನ್ನೆಲ್ಲ ಎತ್ತಿಸಿ ಕರೆಂಟಿನವನ್ನು ತಂದಿಟ್ಟರು. ಕಾಲ ಹೆಬ್ಬೆರಳ ತುದಿ ತಾಗಿಸಿದರೆ ಸಾಕು, ಜುಯ್ಯೆಂದು ಓಡುತ್ತವೆ. ಬದುಕಿದೆವಪ್ಪಾ ಎಂದು ಎಲ್ಲರೂ ಕಾಲು ಚಾಚಿದರು. ಕೆಲವು ತಿಂಗಳಾಗುವಷ್ಟರಲ್ಲಿ ಹೊಲಿಗೆಯಕ್ಕನ ಮಂಡಿ ಹಿಡಿದುಕೊಂಡಿತು. ಕುರ್ಚಿಯಿಂದ ಏಳಬೇಕಾದರೆ ಮೇಜು ಹಿಡಿದು "ಅಮ್ಮಾ" ಎನ್ನಬೇಕು. ಮೂಳೆ ಡಾಕ್ಟರಮ್ಮ ಮಂಡಿಯನ್ನು ಒತ್ತಿ, ಮಡಚಿ, ಬಿಡಿಸಿ ನೋಡಿದರು. "ವರ್ಷಗಟ್ಟಲೆ ದಿನವಿಡೀ ತುಳಿದ ಕಾಲು ಅಕ್ಕಾ ಇದು. ಒಂದೇ ಸಲಕ್ಕೆ ರಜ ಕೊಟ್ಟುಬಿಟ್ರೆ ಮುನಿಸಿಕೊಳ್ಳದೆ ಏನ್ಮಾಡುತ್ತೆ? ತುಳೀರಿ. ಮಿಷಿನ್ ಇಲ್ದಿದ್ರೆ ಸೈಕಲ್ ತುಳೀರಿ" ಎಂದರು.

ಮನೆಯ ಮೆಟ್ಟಿಲ ಕೆಳಗೆ ಮಗಳು ಕಾಲೇಜಿಗೆ ಹೋಗುತ್ತಿದ್ದ ಸೈಕಲ್ ಇತ್ತು. ಮಗಳು ಮದುವೆಯಾಗಿ ಹೋದ ಮೇಲೆ ಅದರ ಮೇಲೆ ಬಣ್ಣದ ಡಬ್ಬಿ, ಒಡೆದ ಬಕೆಟ್ಟು ಬೀಡುಬಿಟ್ಟಿದ್ದವು. ಹೊಲಿಗೆಯಕ್ಕ ಅವನ್ನೆಲ್ಲ ಒಕ್ಕಲೆಬ್ಬಿಸಿ, ಸೈಕಲ್ ಒರೆಸಿ, ಚೈನಿಗೆ ಮಿಷಿನ್ ಎಣ್ಣೆ ಬಿಟ್ಟು, ಒಂದು ಭಾನುವಾರ ಸಂಜೆ ಬೀದಿಗಿಳಿಸಿದಳು. ಕನ್ನಡಕದಣ್ಣ ಅಂಗಿಯ ತೋಳು ಮಡಚಿ ಹಿಂದೆ ಸಿದ್ಧನಾಗಿ ನಿಂತ. ಬೀಳುತ್ತಾಳೆ, ಹಿಡಿಯೋಣ ಎಂಬುದು ಅವನ ಲೆಕ್ಕ. ಹ್ಯಾಂಡಲ್ ಅತ್ತಿತ್ತ ಓಲಾಡಿತು, ಎದುರುಮನೆಯವರ ಗೇಟಿಗೆ ಇನ್ನೇನು ಮುತ್ತಿಕ್ಕಿತು ಎನ್ನುವಾಗ ನೆಟ್ಟಗಾಯಿತು. ಅವಳು ಬೀದಿಯ ಕೊನೆಯ ತನಕ ಹೋಗಿ, ತಿರುಗಿಸಿಕೊಂಡು, ಬೆಲ್ಲು ಹೊಡೆಯುತ್ತಾ ವಾಪಸ್ ಬಂದಳು. ಅವನ ತೋಳು ಮಡಚಿದಂತೆಯೇ ಇತ್ತು.

"ನಿಂಗೆ ಸೈಕಲ್ ಬರುತ್ತಾ?"

"ಓ, ಬರುತ್ತೆ. ಸಣ್ಣವಳಿದ್ದಾಗ ನಮ್ಮಣ್ಣನ ಸೈಕಲ್ ಕದ್ದು ಕಲಿತಿದ್ದೆ."

"ಇಷ್ಟು ವರ್ಷ ಹೇಳಲೇ ಇಲ್ಲ?"

"ನೀವು ಯಾವತ್ತು ಕೇಳಿದ್ರಿ?"

ಅವನು ಕೇಳಿರಲಿಲ್ಲ, ನಿಜ. ಕೇಳಿದ್ದರೆ ತನ್ನದನ್ನೂ ಹೇಳಬೇಕಾಗುತ್ತಿತ್ತಲ್ಲ. ಕನ್ನಡಕದಣ್ಣನಿಗೆ ಸೈಕಲ್ ಬರುವುದಿಲ್ಲ. ಚಿಕ್ಕಂದಿನಲ್ಲಿ ಮೊಣಕೈ ಕಿತ್ತುಹೋಗುವಂತೆ ಬಿದ್ದು, ಮತ್ತೆ ಹತ್ತುವ ಧೈರ್ಯ ಮಾಡದೆ, ದೊಡ್ಡವನಾದ ಮೇಲೆ ನೇರವಾಗಿ ಸ್ಕೂಟರಿಗೆ ಬಡ್ತಿ ಪಡೆದವನು. ಹಾಗಾಗಿ ನಾನೂ ನಿನ್ನ ಜೊತೆ ತುಳೀತೀನಿ ಎನ್ನುವ ದಾರಿಯೂ ಅವನಿಗಿರಲಿಲ್ಲ.

ಸೋಮವಾರದಿಂದಲೇ ಅವಳ ಸವಾರಿ ಶುರು. ಚೈನಿಗೆ ಸಿಗದಂತೆ ಪ್ಯಾಂಟಿನ ಕಾಲಿಗೆ ತಾನೇ ಇಲಾಸ್ಟಿಕ್ ಹೊಲಿದುಕೊಂಡಳು. ದಾರಿಯಲ್ಲಿ ರೈಲುಹಳಿಯ ಮೇಲಿನ ಸೇತುವೆಯೊಂದಿದೆ. ಅದರ ಏರಿನಲ್ಲಿ ಮೊದಮೊದಲು ಇಳಿದು ತಳ್ಳಿಕೊಂಡು ಹೋಗುತ್ತಿದ್ದಳು. ಸಂಜೆ ಬರುವಾಗ ಮುಖ ಕೆಂಪಾಗಿ, ಬೆನ್ನು ಒದ್ದೆಯಾಗಿ, ಚಪ್ಪಲಿ ಬಿಡಲೂ ಆಗದೆ ಬಾಗಿಲಲ್ಲೇ ಕೂರುತ್ತಿದ್ದಳು. ಕನ್ನಡಕದಣ್ಣ ಸಂತೋಷದಿಂದ ನೀರು ತಂದುಕೊಡುತ್ತಿದ್ದ. ಸುಸ್ತಾಗಲಿ, ಇನ್ನೂ ಸುಸ್ತಾಗಲಿ. "ಹೆಚ್ಚೆಂದ್ರೆ ತಿಂಗಳು" ಎಂದು ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಹುಡುಗಿಗೆ ಹೇಳಿದ. ಆ ಹುಡುಗಿ ನಕ್ಕಳು.

ಮೊದಲ ಕೆಲವು ದಿನ ಅವನು ಸ್ಕೂಟರನ್ನು ಆಮೆಯಂತೆ ಬಿಟ್ಟುಕೊಂಡು ಅವಳ ಹಿಂದೆಯೇ ಹೋದ. ಅವಳು ಒಂದು ಕಾಲು ನೆಲಕ್ಕೂರಿ ನಿಂತು, "ರೀ, ಮಂತ್ರಿ ಕಾರಿನ ಹಿಂದೆ ಪೊಲೀಸ್ ಜೀಪ್ ಬಂದ ಹಾಗೆ ಬರಬೇಡಿ. ಜನ ನಗ್ತಾರೆ. ನೀವು ಹೋಗಿ" ಎಂದಳು. ಅವನು ಹೋದ. ಹಿಂದಿನ ಸೀಟು ಖಾಲಿಯಿದ್ದ ಸ್ಕೂಟರು ಗುಂಡಿ ಸಿಕ್ಕಲ್ಲೆಲ್ಲ ಲೊಡಲೊಡ ಎಂದಿತು. ಭುಜ ಹಗುರವಾಗಿತ್ತು, ಅದೇ ಕಷ್ಟವಾಗಿತ್ತು. ಕಿವಿಯಲ್ಲಿ ಬರೀ ಗಾಳಿ.

ತಿಂಗಳಾಯಿತು. ಅವಳು ನಿಲ್ಲಿಸಲಿಲ್ಲ. ಒಂದು ಸಂಜೆ ಮಗಳು ಫೋನು ಮಾಡಿ, "ಅಪ್ಪಾ, ಅಮ್ಮ ಸೇತುವೆ ಏರು ಇಳೀದೇ ಹತ್ತಿದ್ಲಂತೆ! ನಿಂಗೆ ಗೊತ್ತಲ್ವಾ?" ಎಂದಳು.

"ಗೊತ್ತು, ಗೊತ್ತು" ಎಂದ. ಗೊತ್ತಿರಲಿಲ್ಲ. ಹೆಂಡತಿ ಆಗ ಹೊರಗೆ ಸೈಕಲ್ಲಿನ ಸೀಟು ಒರೆಸುತ್ತಾ ಹಾಡು ಗುನುಗುತ್ತಿದ್ದಳು. ಸ್ಕೂಟರಿನ ಹಿಂದಿನ ಸೀಟನ್ನು ಅವಳು ಒಂದು ದಿನವಾದರೂ ಒರೆಸಿದ್ದುಂಟೆ? ಅದರ ಮೇಲೆ ಕೂತು ಹಾಡು ಹೇಳಿದ್ದುಂಟೆ? ಮಂಡಿನೋವು ಹೋಗಿತ್ತು. ಅವಳು ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದಳು. ಕೆನ್ನೆಗೆ ಬಣ್ಣ ಬಂದಿತ್ತು. ತಾನು ಅಷ್ಟು ವರ್ಷ ಹೊತ್ತು ತಿರುಗಿದಾಗ ಬರದ ಬಣ್ಣ ಈ ತುಕ್ಕು ಹಿಡಿದ ಕಬ್ಬಿಣ ತಂದುಕೊಟ್ಟಿತಲ್ಲ ಎಂದು ಅವನು ಒಳಗೊಳಗೇ ಬೆಂದ. ಸುದ್ದಿಯೆಲ್ಲ ಈಗ ಮಗಳ ಬಾಯಿಂದ ಸೆಕೆಂಡ್ ಹ್ಯಾಂಡಾಗಿ ಬರುತ್ತಿತ್ತು.

ಹಾಗಿರುವಾಗ ಒಂದು ಬೆಳಿಗ್ಗೆ ಸೈಕಲ್ಲಿನ ಹಿಂದಿನ ಚಕ್ರ ತಾನಾಗಿಯೇ ಮೆತ್ತಗಾಗಿತ್ತು. ಅವಳಿಗೆ ಹೊತ್ತಾಗಿತ್ತು. "ಇವತ್ತೊಂದು ದಿನ ಬಿಟ್ಟುಬಿಡಿ" ಎಂದು ಸ್ಕೂಟರ್ ಹತ್ತಿದಳು. ಕೈ ಭುಜಕ್ಕೆ ಬಂತು. ಬಾಯಿ ತೆರೆಯಿತು. ಗುಂಡಿ ಹಾಕುವವಳ ಅತ್ತೆ ಹೊಸದೊಂದು ಅವಾಂತರ ಮಾಡಿದ್ದಳು. ಅವನು ತಲೆಯಾಡಿಸುತ್ತಾ, ಬೇಕೆಂದೇ ಸುತ್ತುದಾರಿ ಹಿಡಿದು ಆಸ್ಪತ್ರೆ ಮುಟ್ಟಿಸಿದ. ಆ ದಿನ ಅಂಗಡಿಯಲ್ಲಿ ಅವನ ಕಾಲು ನೆಲದ ಮೇಲಿರಲಿಲ್ಲ. ಸಂಜೆ ಅವಳೇ ಸೈಕಲ್ಲನ್ನು ತಳ್ಳಿಕೊಂಡು ಹೋಗಿ ಸರಿಮಾಡಿಸಿ ತಂದಳು, ಮರುದಿನ ಮತ್ತೆ ಹಿಂದಿನ ಸೀಟು ಖಾಲಿ.

ಕೆಟ್ಟ ಬುದ್ಧಿ ಬಂದದ್ದು ಆಗ. ಅವಳು ಸ್ನಾನಕ್ಕೆ ಹೋಗಿದ್ದಳು. ಅವನು ಬೆಕ್ಕಿನ ಹೆಜ್ಜೆಯಲ್ಲಿ ಮೆಟ್ಟಿಲ ಕೆಳಗೆ ಹೋಗಿ, ಹಿಂದಿನ ಚಕ್ರದ ವಾಲ್ವಿನ ಪುಟ್ಟ ಮುಚ್ಚಳ ತಿರುಗಿಸಿ ತೆಗೆದು, ಜೇಬಿನ ಸ್ಕ್ರೂಡ್ರೈವರಿನ ತುದಿಯನ್ನು ಒಳಗೆ ಒತ್ತಿದ. ಸುಯ್ ಎಂದು ಗಾಳಿ ಹೊರಟಿತು. ಸದ್ದು ಮುಚ್ಚಲು ಕೆಮ್ಮಿದ. ಚಕ್ರ ಮೆತ್ತಗಾದ ಮೇಲೆ ಯಾರಿಗೂ ಅನುಮಾನ ಬಾರದಿರಲೆಂದು ಮುಚ್ಚಳವನ್ನು ಮತ್ತೆ ಹಾಕಿ, ಒರೆಸಿ, ಪೇಪರ್ ಹಿಡಿದು ಕೂತ.

ಅವಳು ಬಂದು ಚಕ್ರ ಒತ್ತಿ ನೋಡಿದಳು. ಇವನು ಆಗಲೇ ಹೆಲ್ಮೆಟ್ ಹಾಕಿಕೊಂಡು ಬೀಗದಕೈ ಕುಣಿಸುತ್ತಿದ್ದ. "ಬಿಡಿ, ತಿರುವಿನಲ್ಲಿ ಗಾಳಿಯವರಿದ್ದಾರಲ್ಲ, ಹೊಡೆಸಿಕೊಂಡು ಹೋಗ್ತೀನಿ. ಇನ್ನೂ ಟೈಮಿದೆ" ಎಂದು ತಳ್ಳಿಕೊಂಡು ಹೊರಟೇಬಿಟ್ಟಳು.

ಅಲ್ಲಿಗಾದರೂ ಬಿಡಬಹುದಿತ್ತು. ಹಟ ಬಿಡಲಿಲ್ಲ. ಒಂದಲ್ಲ ಒಂದು ದಿನ ಬೇಸತ್ತು ಸ್ಕೂಟರ್ ಹತ್ತುತ್ತಾಳೆ ಎಂದು ಮರುದಿನವೂ ಗಾಳಿ ತೆಗೆದ, ಅದರ ಮರುದಿನವೂ ತೆಗೆದ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಇನ್ನಷ್ಟು ಬೇಗ ಏಳತೊಡಗಿದಳು, ಅಷ್ಟೆ. ಬೇಗ ಎದ್ದು, ಬೇಗ ಹೊರಟು, ತಿರುವಿನ ತನಕ ತಳ್ಳಿಕೊಂಡು ಹೋಗಿ, ಗಾಳಿ ಹೊಡೆಸಿಕೊಂಡು ಮುಂದೆ ಹೋಗುತ್ತಿದ್ದಳು.

ಅವಳ ಬಾಯಲ್ಲಿ ಹೊಸ ಮಂತ್ರವೊಂದು ಶುರುವಾಯಿತು. "ಗಾಳಿಯವರು ಅಂದ್ರು, ಏರಿನಲ್ಲಿ ಎದ್ದು ನಿಂತು ತುಳೀಬಾರದಂತೆ." "ಗಾಳಿಯವರು ಸೀಟು ಒಂದು ಬೆರಳು ಎತ್ತರ ಮಾಡಿದ್ರು, ಈಗ ಮಂಡಿಗೆ ಎಷ್ಟು ಆರಾಮ ಗೊತ್ತಾ?" "ಗಾಳಿಯವರು ಒಂದು ಜೋಕ್ ಹೇಳಿದ್ರು ನೋಡಿ..." ಜೋಕು ಹೇಳಲು ಹೋಗಿ ಅವಳಿಗೇ ನಗು ತಡೆಯಲಾಗದೆ ಅರ್ಧಕ್ಕೆ ನಿಂತಿತು. ಕನ್ನಡಕದಣ್ಣ ಅನ್ನದ ತಟ್ಟೆ ನೋಡುತ್ತಾ ಕೂತ. ನಗು ಬರಲಿಲ್ಲ. ಜೋಕಿನ ಉಳಿದರ್ಧ ಏನಿರಬಹುದು ಎಂದು ಮರುದಿನವೆಲ್ಲ ತಲೆ ಕೆಡಿಸಿಕೊಂಡ.

ಯಾರಪ್ಪಾ ಇವನು ಎಂದು ನೋಡಲು ಹೋದದ್ದು ಒಂದು ಗುರುವಾರ. ಹೆಂಡತಿ ಹೊರಟ ಸ್ವಲ್ಪ ಹೊತ್ತಿಗೆ ಇವನೂ ಹೊರಟು, ತಿರುವಿಗೆ ಮೊದಲೇ ಸ್ಕೂಟರ್ ಆಫ್ ಮಾಡಿ, ನಿಂತಿದ್ದ ವ್ಯಾನೊಂದರ ಹಿಂದೆ ಕಳ್ಳನಂತೆ ನಿಲ್ಲಿಸಿದ. ಸೈಕಲ್ ಅಂಗಡಿ ಎಂದರೆ ಒಂದು ಷಟರು, ಗೋಡೆಗೆ ನೇತುಹಾಕಿದ ಹಳೆಯ ಟೈರುಗಳು, ಪಂಕ್ಚರ್ ನೋಡಲು ನೀರು ತುಂಬಿಟ್ಟ ಒಂದು ಟಬ್ಬು. ಮುಂದೆ ಒಂದು ಸ್ಟೂಲು. ಸ್ಟೂಲಿನ ಮೇಲೆ ಹೊಲಿಗೆಯಕ್ಕ, ಮಗ್ಗುಲಲ್ಲಿ ಬ್ಯಾಗು, ಕಾಲಮೇಲೆ ಕಾಲು. ಗಾಳಿಯವನಿಗೆ ಇವನದೇ ವಯಸ್ಸು. ತಲೆ ತುಂಬ ಕೂದಲು. ಇವನ ಕೈ ಅಪ್ರಯತ್ನವಾಗಿ ತನ್ನ ನೆತ್ತಿ ಸವರಿತು. ಆ ಮನುಷ್ಯನ ಮುಂಗೈ ನೋಡಬೇಕು, ಒಂದೊಂದೂ ಒನಕೆ. ಪಂಪನ್ನು ಎರಡು ಕಾಲಲ್ಲಿ ಒತ್ತಿಹಿಡಿದು ಮೇಲೆ ಕೆಳಗೆ ಎಳೆದು ಹೊಡೆಯುತ್ತಿದ್ದ. ಕನ್ನಡಕದಣ್ಣ ವ್ಯಾನಿಗೆ ಒರಗಿ ಕಿವಿಗೊಟ್ಟು ನಿಂತ.

"...ನಿನ್ನೆ ಆಸ್ಪತ್ರೆ ಆಫೀಸಿನ ಮೇಡಂ ಒಳಗೆ ಕರೆದ್ರು" ಎನ್ನುತ್ತಿದ್ದಳು ಅವಳು. "ನಾನು ಹಸಿರು ಬಟ್ಟೆ ವಿಷಯಕ್ಕೆ ಬೈತಾರೆ ಅಂದ್ಕೊಂಡೆ."

ಗಾಳಿಯವನು ಪಂಪು ನಿಲ್ಲಿಸಿದ. "ಆಮೇಲೆ?"

"ಆಮೇಲೇನು, ಕೂತ್ಕೋ ಅಂದ್ರು. ನಂಗೆ ಕೈಕಾಲೇ ಆಡಲಿಲ್ಲ. ಮುಂದಿನ ತಿಂಗಳಿಂದ ಹೊಲಿಗೆ ಕೋಣೆ ಪೂರ್ತಿ ನಿಂದೇ ಜವಾಬ್ದಾರಿ ಅಂದ್ರು!"

"ಹೋ! ಅಕ್ಕಾ, ಹಾಗಾದ್ರೆ ಇನ್ಮೇಲೆ ನಿಮ್ಮ ಚಕ್ರಕ್ಕೆ ಸಲಾಂ ಹೊಡೆದು ಗಾಳಿ ಹೊಡೀಬೇಕು" ಎಂದು ಆತ ಪಂಪಿಗೇ ಸಲಾಂ ಹೊಡೆದ. ಹೊಲಿಗೆಯಕ್ಕ ಬಾಯಿತುಂಬ ನಕ್ಕಳು.

ವ್ಯಾನಿನ ಹಿಂದೆ ನಿಂತವನಿಗೆ ಮೈಯೆಲ್ಲ ಉರಿ. ನಿನ್ನೆ! ನಿನ್ನೆ ಸಂಜೆ ಒಂದೇ ಮನೆಯಲ್ಲಿ ಉಂಡಿದ್ದರು, ಒಂದೇ ಟೀವಿ ನೋಡಿದ್ದರು. ಅವಳು ಉಸಿರೆತ್ತಿರಲಿಲ್ಲ. ಇಷ್ಟು ವರ್ಷ ಅವಳು ಬಾಬಿನ್‌ಗೆ ದಾರ ತುಂಬುತ್ತಾ ಸೊಂಟ ಮುರಿದುಕೊಂಡದ್ದನ್ನು ಕೇಳಿದ್ದು ಇವನ ಕಿವಿ. ಹಬ್ಬದಂಥ ಸುದ್ದಿ ಹೋಗಿ ಬಿದ್ದದ್ದು ಇನ್ನಾರದೋ ಕಿವಿಗೆ. ತನ್ನ ಕಥೆ ಅದು. ತನಗೆ ಬರಬೇಕಾದದ್ದು. ಪಂಪು ಕಿತ್ತುಕೊಂಡು ಆ ಕೂದಲುಳ್ಳ ತಲೆಗೆ ಒಂದು ಕೊಡಬೇಕು ಎನ್ನಿಸಿತು. ಕೊಡಲಿಲ್ಲ. ಸ್ಕೂಟರನ್ನು ಸ್ಟಾರ್ಟ್ ಮಾಡದೆ ತಳ್ಳಿಕೊಂಡೇ ವಾಪಸ್ ತಿರುಗಿದ.

ಆ ದಿನ ಮಧ್ಯಾಹ್ನ ಅಂಗಡಿಗೆ ಹೆಂಗಸೊಬ್ಬರು ಕನ್ನಡಕ ಒಂದು ಕೈಯಲ್ಲಿ, ಅದರ ಕಡ್ಡಿ ಇನ್ನೊಂದು ಕೈಯಲ್ಲಿ ಹಿಡಿದು ವಾಪಸ್ ಬಂದರು. ಬೆಳಿಗ್ಗೆ ಅವನೇ ಬಿಗಿದು ಕೊಟ್ಟದ್ದು. ಕಣ್ಣು ಪರೀಕ್ಷೆಯ ಹುಡುಗಿ ಬೆರಗಾಗಿ, "ಅಣ್ಣಾ, ಹುಷಾರಿದ್ದೀರಾ?" ಎಂದಳು. ಅವನು ಕಡ್ಡಿ ಕೂರಿಸುತ್ತಾ ಕೂತಾಗಲೇ ಹೊಳೆದದ್ದು: ಗಾಳಿ ತೆಗೆದವನು ನಾನು. ದಿನಾ ಬೆಳಿಗ್ಗೆ ಅವಳನ್ನು ಆ ಸ್ಟೂಲಿನ ಮೇಲೆ ಕೂರಿಸಿದವನೂ ನಾನು. ನನ್ನ ಕೈಯಾರೆ ಮಾಡಿದೆನಲ್ಲ ಎಂದು ಹಣೆ ಚಚ್ಚಿಕೊಂಡ.

ಸಂಜೆ ಮನೆಗೆ ಬರುವ ಮೊದಲು ಒಂದು ಕೈಪಂಪು ಕೊಂಡ. ಅದನ್ನು ಸ್ಕೂಟರಿನ ಸೀಟಿನ ಕೆಳಗೆ ಅಡಗಿಸಿಟ್ಟ. ಮರುದಿನ ಅವಳು ಸ್ನಾನಕ್ಕೆ ಹೋದೊಡನೆ ನಿನ್ನೆಯ ಗಾಳಿ ಸಾಲದೆಂದು ಹಿಂದಿನ ಚಕ್ರಕ್ಕೆ ಮೇಲಿಂದ ಮೇಲೆ ಗಾಳಿ ಹೊಡೆಯತೊಡಗಿದ. ಹೊಡೆಯುವುದು ತೆಗೆಯುವಷ್ಟು ಸುಲಭವಲ್ಲ. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕಿತು, ಭುಜ ಬಿದ್ದುಹೋಯಿತು. ಚಕ್ರ ಕಲ್ಲಿನಂತಾದ ಮೇಲೆ ಮುಚ್ಚಳ ಹಾಕಿ ಬಿಗಿದ. ಇನ್ನು ಹೋಗಲಿ ನೋಡೋಣ ಆ ಸಲಾಮಿನವನ ಹತ್ತಿರ ಎಂದುಕೊಂಡ.

ಅವಳು ಹೋಗಿಯೇ ಹೋದಳು. ವ್ಯಾನಿನ ಹಿಂದಿನಿಂದ ಅವನು ಕಣ್ಣಾರೆ ಕಂಡ. ತುಂಬಿದ ಚಕ್ರದ ಸೈಕಲ್ಲನ್ನು ಹತ್ತಿಕೊಂಡೇ ಬಂದು, ಅಂಗಡಿಯ ಮುಂದೆ ಬ್ರೇಕ್ ಹಾಕಿ, ದಿನದಂತೆ ಸ್ಟ್ಯಾಂಡ್ ಹಾಕಿದಳು. ಗಾಳಿಯವನು ಪಂಪು ತಂದ, ಕೂತ, ಹಿಂದಿನ ಚಕ್ರ ಒತ್ತಿದ. "ಅಕ್ಕಾ, ಇವತ್ತು ಫುಲ್ ಇದೆಯಲ್ಲ!" ಎಂದ. ಅವಳೂ ಬಗ್ಗಿ ಒತ್ತಿದಳು. ಒಮ್ಮೆಯಲ್ಲ, ಎರಡು ಮೂರು ಸಲ. ನಗಲಿಲ್ಲ. ಕೆಲಸವಿಲ್ಲದಿದ್ದರೂ ಸ್ಟೂಲಿನ ಮೇಲೆ ಕೂತಳು. ಗಾಳಿಯವನು ಏನೋ ಕೇಳಿದ, ಅವಳು ತಲೆಯಾಡಿಸಿದಳು. ಸ್ವಲ್ಪ ಹೊತ್ತಿಗೆ ಎದ್ದು ಹೊರಟುಹೋದಳು. ಗಾಳಿಯಿಲ್ಲದಿದ್ದಾಗ ಹೋದರೆ ಅದು ಗಾಳಿಗಾಗಿ. ಇದ್ದಾಗಲೂ ಹೋದರೆ? ಆ ದಿನ ಕನ್ನಡಕದಣ್ಣ ಊಟದ ಡಬ್ಬಿಯನ್ನು ಮುಚ್ಚಿದಂತೆಯೇ ವಾಪಸ್ ತಂದ.

ಸಂಜೆ ಅವಳು ಕೈಕಾಲು ತೊಳೆದು ಬಂದು ಅವನ ಪೇಪರನ್ನು ಬೆರಳಿಂದ ಕೆಳಗಿಳಿಸಿ ಎದುರಿಗೆ ಕೂತಳು.

"ಇವತ್ತು ಯಾಕೆ ಗಾಳಿ ತೆಗೀಲಿಲ್ಲ?"

"ಯಾವ ಗಾಳಿ?"

"ಹಿಂದಿನ ಚಕ್ರದ್ದು."

ಅವನು ಪೇಪರ್ ಮಡಚಿಟ್ಟ. "ನಿಂಗೆ... ಯಾವಾಗಿಂದ ಗೊತ್ತು?"

"ಎರಡನೇ ದಿನದಿಂದ. ಗಾಳಿಯವರಿಗೆ ಆ ಮುಚ್ಚಳ ಕೈಯಲ್ಲಿ ಬಿಚ್ಚಕ್ಕೇ ಆಗ್ಲಿಲ್ಲ. ಇಕ್ಕಳ ತಂದ್ರು. ಅಷ್ಟು ದಪ್ಪ ಕೈಯವರು! 'ಅಕ್ಕಾ, ತಾನಾಗೇ ಇಳಿಯೋ ಚಕ್ರಕ್ಕೆ ದಿನಾ ಮುಚ್ಚಳ ಬಿಗಿ ಮಾಡೋರು ಯಾರು?' ಅಂತ ಕೇಳಿದ್ರು. ನಂಗೆ ಉಪ್ಪಿನ ಡಬ್ಬಿ ನೆನಪಾಯ್ತು."

ಕನ್ನಡಕದಣ್ಣ ತನ್ನ ಬೆರಳುಗಳನ್ನು ನೋಡಿಕೊಂಡ. ಮುಖ ಸಣ್ಣದಾಯಿತು.

"ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

"ಇವತ್ತು ಬಾಯಿ ಬಿಡ್ತಾರೆ, ನಾಳೆ ಬಿಡ್ತಾರೆ ಅಂತ ಕಾದೆ. ನನ್ನ ಜೊತೆ ಬಾ ಅನ್ನಕ್ಕೆ ಬಾಯಿ ಸಾಕಲ್ಲ ರೀ. ಸ್ಕ್ರೂಡ್ರೈವರ್ ಯಾಕೆ? ಇವತ್ತು ನೋಡಿದ್ರೆ ಚಕ್ರ ಕಲ್ಲಾಗಿದೆ. ಇವರಿಗೆ ಇನ್ನು ನಾನು ಜೊತೆಗೆ ಬರೋದೂ ಬೇಡವಾಯ್ತೇನೋ ಅಂದ್ಕೊಂಡೆ."

ಇಲ್ಲಿ ಸುಮ್ಮನಿದ್ದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಹೊಟ್ಟೆಯೊಳಗಿನದು ಬಾಯಿಗೆ ಬಂದಿತ್ತು. "ಬಾಯಿ ಬಿಟ್ಟು ಏನು ಹೇಳಲಿ? ನೀನು ಎಲ್ಲಾನೂ ಅವನಿಗೆ ಹೇಳ್ತೀಯ. ಹೊಲಿಗೆ ಕೋಣೆ ನಿನ್ನ ಕೈಗೆ ಬಂತು ಅನ್ನೋದನ್ನೂ ಅವನಿಗೇ ಮೊದಲು ಹೇಳಿದೆ. ಮನೇಲಿ ನಾನೊಬ್ಬ ಇದ್ದೀನಿ ಅನ್ನೋದೇ ಮರೆತುಹೋಯ್ತಾ?"

ಅವಳು ಹುಬ್ಬೇರಿಸಿ ನಕ್ಕಳು. "ಓಹೋ. ವ್ಯಾನಿನ ಹಿಂದೆ ಕಾಣ್ತಿದ್ದ ಸ್ಕೂಟರ್ ಚಕ್ರ ನಮ್ಮದೇನಾ?"

ಅವಳ ನಗು ಬಂದಷ್ಟೇ ಬೇಗ ಹೋಯಿತು.

"ಹೌದು, ಹೇಳಿದೆ. ಯಾಕೆ ಗೊತ್ತಾ? ಆ ಮನುಷ್ಯ ಏದುಸಿರು ಬಿಡ್ತಾ ಪಂಪ್ ಹೊಡೀತಿರ್ತಾರೆ. ಮಧ್ಯೆ ನಿಲ್ಲಿಸಿ, 'ಆಮೇಲೆ?' ಅಂತ ಕೇಳ್ತಾರೆ. ಅಷ್ಟೇ. ಬೇರೇನಿಲ್ಲ. ನಾನು ಇಷ್ಟು ವರ್ಷ ಒಂದು ಹೆಲ್ಮೆಟ್ಟಿಗೆ ಮಾತಾಡಿದೀನಿ ರೀ. ಅದರೊಳಗೆ ಯಾರಾದ್ರೂ ಇದ್ದಾರೋ ಇಲ್ವೋ ಅಂತ ಎಷ್ಟೋ ಸಲ ಅನುಮಾನ ಬಂದಿದೆ."

"ಇದ್ದೆ" ಎಂದ ಅವನು. "ಕತ್ತರಿ ಕದ್ದಿದ್ದು ಗುಂಡಿ ಹಾಕೋವಳಲ್ಲ, ಕಿಟಕಿ ಹಿಂದೆ ಬಿದ್ದಿತ್ತು. ಓಡಿಹೋದ ರೋಗಿ ಅಂಗೀನ ಒಗೆದು, ಇಸ್ತ್ರಿ ಮಾಡಿ ವಾಪಸ್ ತಂದುಕೊಟ್ಟ. ಎಲ್ಲಾ ಕೇಳಿಸ್ಕೊಂಡಿದೀನಿ."

"ಅದೆಲ್ಲ ಯಾವ ಕಾಲದ್ದು!" ಅವಳು ಅವನನ್ನೇ ನೋಡುತ್ತಾ ಕೂತಳು.

ಅವನಿಗೆ ಸ್ವಲ್ಪ ಧೈರ್ಯ ಬಂತು. "ಮೇಡಂ ಕರೆದು ಕೂತ್ಕೋ ಅಂದ್ರಲ್ಲ... ಆಮೇಲೆ?"

"ಅದಾ? ಅದನ್ನ ಹೇಳಿ ಮುಗಿಸಿ ಆಯ್ತು" ಎಂದು ಅವಳು ಎದ್ದು ಒಳಗೆ ಹೋದಳು.

ಅವಳೇನೂ ಕೋಪದಲ್ಲಿ ಹೇಳಿರಲಿಲ್ಲ, ಆದ್ದರಿಂದಲೇ ಹೆಚ್ಚು ನಾಟಿತು. ಗಾಳಿಯವನ ಕೂದಲಿಗೆ, ಮುಂಗೈಗೆ ಕರುಬಿದ್ದೇ ಬಂತು. ಅವನಲ್ಲಿದ್ದ ಆಸ್ತಿ ಒಂದೇ ಒಂದು ಮಾತು. ಅದು ತನ್ನ ಬಾಯಲ್ಲೂ ಬಿದ್ದಿತ್ತು, ಉಪ್ಪಿನ ಡಬ್ಬಿಯ ಹಾಗೆ ಬಿಗಿದು ಮುಚ್ಚಿಟ್ಟುಕೊಂಡಿದ್ದ.

ಮರುದಿನ ಬೆಳಿಗ್ಗೆ ಅವಳು ಬ್ಯಾಗು ಹಿಡಿದು ಹೊರಬಂದಾಗ ಅವನು ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಕೈಯಲ್ಲಿ ಸ್ಕ್ರೂಡ್ರೈವರ್. ಅವಳನ್ನು ಕಂಡು ಅಡಗಿಸಲಿಲ್ಲ.

"ಇವತ್ತು ನನ್ನ ಜೊತೆ ಬಾ" ಎಂದ.

"ಯಾಕೆ ಬರಲಿ? ಚಕ್ರದ ತುಂಬ ಗಾಳಿ ಇದೆ."

ಅವನು ಮುಚ್ಚಳಕ್ಕೆ ಕೈ ಹಾಕಿದ. ಅದು ಜಗ್ಗಲಿಲ್ಲ. ನಿನ್ನೆ ಅವನೇ ಬಿಗಿದದ್ದಲ್ಲವೆ, ಕೊನೆಯ ಅರ್ಧ ತಿರುವಿನ ಸಮೇತ. ಬೆರಳು ಕೆಂಪಾಯಿತು. ಅವಳು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ ನಿಂತಿದ್ದಳು. ಕೊನೆಗೆ ಅವಳೇ ಬ್ಯಾಗಿನಿಂದ ತುಂಡು ಬಟ್ಟೆಯೊಂದನ್ನು ತೆಗೆದು ಕೊಟ್ಟಳು. ಬಟ್ಟೆ ಸುತ್ತಿ, ಹಲ್ಲು ಕಚ್ಚಿ ತಿರುಗಿಸಿದ ಮೇಲೆ ಬಿಟ್ಟುಕೊಂಡಿತು. ಹೆಂಡತಿಯ ಕಣ್ಣೆದುರೇ, ಕೆಮ್ಮದೆ, ಅಷ್ಟೂ ಗಾಳಿಯನ್ನು ಬಿಟ್ಟ.

"ಈಗ ಇಲ್ಲ" ಎಂದ.

ಅವಳು ಮುಖ ಪಕ್ಕಕ್ಕೆ ತಿರುಗಿಸಿ ನಕ್ಕಳು. "ಇವತ್ತು ಮಾತ್ರ. ನಾಳೆಯಿಂದ ನಂಗೆ ಸೈಕಲ್ಲೇ. ಗಾಳಿ ನೀವೇ ಹೊಡೀಬೇಕು."

"ಪಂಪ್ ತಂದಿದ್ದೀನಿ."

"ಪಂಪ್ ಬೇರೆ ತಂದ್ರಾ!" ಎನ್ನುತ್ತಾ ಅವಳು ಸ್ಕೂಟರ್ ಹತ್ತಿದಳು. ಕೈ ಭುಜದ ಮೇಲೆ ಬಂತು. ತುಳಿದು ತುಳಿದು ಗಟ್ಟಿಯಾದ ಮೈ, ಹ್ಯಾಂಡಲ್ ಹಿಡಿದು ಗಟ್ಟಿಯಾದ ಕೈ. ಭುಜಕ್ಕೆ ಅದರ ಭಾರ ಹೊಸದೆನಿಸಿತು.

ತಿರುವಿನಲ್ಲಿ ಗಾಳಿಯವನು ಆಗಲೇ ಸ್ಟೂಲು ಹೊರಗಿಟ್ಟಿದ್ದ. ಹೊಲಿಗೆಯಕ್ಕ ಕೈ ಬೀಸಿದಳು. ಆತ ಇಬ್ಬರಿಗೂ ಸೇರಿಸಿ ಪಂಪಿನಲ್ಲೇ ಒಂದು ಸಲಾಂ ಹೊಡೆದ. ಕನ್ನಡಕದಣ್ಣನ ಹೊಟ್ಟೆ ಉರಿಯದೆ ಇರಲಿಲ್ಲ. ನಾಳೆ ಅವಳು ಈ ದಾರಿಯಲ್ಲೇ ಹೋಗುವವಳು, ಇಲ್ಲಿ ನಿಲ್ಲುವವಳು, ಅದು ಅವನಿಗೂ ಗೊತ್ತು. ಆಕ್ಸಿಲರೇಟರ್ ಒಂದಿಷ್ಟು ಜೋರಾಗಿಯೇ ತಿರುಗಿಸಿದ.

"ಮೇಡಂ ಕರೆದಿದ್ದು ಹೇಳು" ಎಂದ.

"ಅದು ಹಳೇ ಸುದ್ದಿ."

"ನಂಗೆ ಹೇಳಿಲ್ಲ."

ಅವಳು ಬ್ಯಾಗನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು. ಆಮೇಲೆ ಶುರುಮಾಡಿದಳು. ಬಾಗಿಲು ತಟ್ಟಿದ್ದು, ಕೈಯಲ್ಲಿ ಸೂಜಿ ಹಾಗೇ ಉಳಿದುಹೋಗಿದ್ದು, ಮೇಡಂ ಕುರ್ಚಿ ತೋರಿಸಿದ್ದು. ಸೇತುವೆಯ ಏರು ಬಂತು. ಎಡಬಲಕ್ಕೆ ಲಾರಿ, ಬಸ್ಸು, ಹಾರ್ನು. ಕಥೆ ಕೂತ್ಕೋ ಎಂದಲ್ಲಿಗೆ ಬಂದು ನಿಂತಿತು. ಕನ್ನಡಕದಣ್ಣ ಹೆಲ್ಮೆಟ್ಟಿನ ಗಾಜು ಮೇಲೆತ್ತಿ, ಕತ್ತು ಅರ್ಧ ತಿರುಗಿಸಿದ.

"ಆಮೇಲೆ?"

"ಏನಂದ್ರಿ?"

"ಆಮೇಲೆ ಅಂದೆ!"

"ಕೇಳಿಸ್ತಿಲ್ಲ ರೀ, ಇನ್ನೊಂದ್ಸಲ ಹೇಳಿ."

"ಆಮೇಲೆ? ಆಮೇಲೆ ಏನಾಯ್ತು?" ಎಂದು ಅವನು ಸೇತುವೆಯೇ ಅದುರುವಂತೆ ಕೂಗಿದ. ಪಕ್ಕದ ಬಸ್ಸಿನ ಕಿಟಕಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಅವಳಿಗೆ ಮೊದಲನೇ ಸಲವೇ ಕೇಳಿಸಿತ್ತು.